ವಕೀಲಪತ್ರಕ್ಕೆ ಮೊದಲು

ಹಳಿಯಾಳದ ಸೀಮೆಯಲ್ಲಿ ಬದುವಿನ ಜಗಳ ಹುಟ್ಟಿತೆಂದರೆ, ವಕೀಲರನ್ನು ಆರಿಸುವ ಗುರುತರ ಕಾರ್ಯವನ್ನು ಚಹದಂಗಡಿಯ ಮಹಾಸಭೆಯೇ ವಹಿಸಿಕೊಳ್ಳುವುದುಂಟು. ವಕೀಲರು ಸ್ವತಃ ಜಾಹೀರಾತು ಮಾಡಿಕೊಳ್ಳಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿರುವುದರಿಂದ, ಆ ಪುಣ್ಯವು ಖಟ್ಲೆ ಸೋತವರ ಪಾಲಿಗೆ ಬಂದಿದೆ.

ಪ್ರಥಮ ಭೇಟಿಗೆ ಹೊರಟ ಕಕ್ಷಿದಾರನು ದಾಯಾದಿಯ ದುಷ್ಟತನದ ಪುರಾಣವನ್ನು ಕಂಠಸ್ಥ ಮಾಡಿಕೊಂಡಿರುವನೇ ಹೊರತು, ಪಹಣಿ, ಫೇರಫಾರು, ಮೋಜಣಿ ನಕಾಶೆಗಳು ಟ್ರಂಕಿನ ತಳದಲ್ಲಿ ಸುಖನಿದ್ರೆಯಲ್ಲಿರುತ್ತವೆ. “ಎದುರಿನವ ನಿಮ್ಮ ಹೊಲದಾಗ ಯಾವಾಗಿಂದ ಅದಾನ?” ಎಂದು ವಕೀಲರು ಕೇಳುವರು, 1963ರ ಕಾಲಮಿತಿ ಅಧಿನಿಯಮದಲ್ಲಿ ಸ್ವಾಧೀನದ ದಾವೆಗೆ 12 ವರ್ಷಗಳ ಗಡುವಿದೆಯಷ್ಟೆ. “ನಮ್ಮ ಅಜ್ಜ ಇದ್ದಾಗಿಂದ ಅದಾನ್ರೀ ಸಾಹೇಬ್ರ!” ಎಂದು ನಮ್ಮವನು ಎದುರಾಳಿಯ ಪರವಾಗಿ ಅಮೂಲ್ಯ ಸಾಕ್ಷ್ಯ ನುಡಿದುಬಿಡುತ್ತಾನೆ. ಕಕ್ಷಿದಾರನ ಮಾತನ್ನು ಗುಟ್ಟಾಗಿಡಲು ವಕೀಲರು ಕಾನೂನಿನಿಂದ ಬದ್ಧರು ನಿಜ. ಧೈರ್ಯಕ್ಕೆಂದು ಜೊತೆಗೆ ಬಂದ ಬೀಗರಿಗೆ ಆ ನಿರ್ಬಂಧವಿಲ್ಲ.