ಆರಿಂಚಿನ ಗುಂಡಿ

ಹತ್ತಿ ಬಟ್ಟೆ ತರಕೂಡದು ಅಂತ ಸಾಮಾನಿನ ಪಟ್ಟಿಯಲ್ಲಿ ಬರೆದಿದ್ದರು. ಅದೂ ದಪ್ಪಕ್ಷರದಲ್ಲಿ. ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ದುಡಿದು ಸಂಸಾರ ಸಾಕಿದವರ ಮಗ ನಾನು. ನಮ್ಮೂರು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನು. ಟೆರಿಲಿನ್ ತೊಟ್ಟವನು ಬೆವತೇ ಸಾಯ್ತಾನೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಇಲ್ಲಿ ನೋಡಿದರೆ, ಹತ್ತಿ ತೊಟ್ಟವನು ನಡುಗಿಯೇ ಸಾಯ್ತಾನೆ ಅಂತ ಕಾಲೇಜಿನವರು ಹೇಳುತ್ತಿದ್ದಾರೆ. ಹತ್ತಿ ನೆಂದರೆ ಬೇಗ ಒಣಗುವುದಿಲ್ಲ, ಮೈಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ, ಬೆಟ್ಟದ ಮೇಲೆ ಗಾಳಿ ಬೀಸಿದರೆ ಜೀವಕ್ಕೇ ಕುತ್ತು. ಮಾತೇನೋ ಸರಿಯೇ. ಆದರೆ ಮಿಲ್ಲು ಮುಚ್ಚಿದ ಊರಿನವನ ಮುಂದೆ ಅದನ್ನು ಇಷ್ಟು ದಪ್ಪಕ್ಷರದಲ್ಲಿ ಹೇಳಬೇಕಿರಲಿಲ್ಲ.

ವಿಷಯ ಇಷ್ಟೇ. ಮೊಮ್ಮಗಳು ಚಿನ್ನುವಿಗೆ ನ್ಯೂ ಹ್ಯಾಂಪ್‌ಶೈರಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನಾವಿಬ್ಬರೂ ಮುದುಕರು ಆರು ತಿಂಗಳ ವಿಸಿಟರ್ ವೀಸಾದಲ್ಲಿ ನ್ಯೂಜೆರ್ಸಿಯ ಮಗಳ ಮನೆಗೆ ಬಂದಿದ್ದೆವು. ಕಾಲೇಜು ಶುರುವಾಗುವ ಮುಂಚೆ ಓರಿಯೆಂಟೇಷನ್ ಇರುತ್ತದಂತೆ, ಆಗಲಿ. ಆ ಓರಿಯೆಂಟೇಷನ್ನಿಗೂ ಮುಂಚೆ ಇನ್ನೊಂದು ಇದೆಯಂತೆ. ಹೊಸ ಮಕ್ಕಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಹಿರಿಯ ವಿದ್ಯಾರ್ಥಿಗಳ ಜೊತೆ ಕಾಡಿಗೆ ಅಟ್ಟುತ್ತಾರೆ. ಫೋನಿಲ್ಲ. ಬೆನ್ನ ಮೇಲೆ ಗಂಟು. ಬೇಕಾದವರು ಹೋಗಬಹುದು, ಬೇಡವಾದವರು ಬಿಡಬಹುದು. ಆದರೆ ಹೆಚ್ಚುಕಡಿಮೆ ಎಲ್ಲರೂ ಹೋಗುತ್ತಾರೆ. ನಮ್ಮೂರಲ್ಲಿ ಮದುವೆಮನೆ ಊಟವೂ ಹಾಗೇ ಐಚ್ಛಿಕ.

ಈ ಪದ್ಧತಿ ಅಲ್ಲಿ 1935ರಿಂದ ಇದೆ. ಅದನ್ನು ನಡೆಸುವುದು 1909ರಲ್ಲಿ ಹುಟ್ಟಿದ ಡಾರ್ಟ್‌ಮತ್ ಔಟಿಂಗ್ ಕ್ಲಬ್. ಹಾರ್ವರ್ಡ್ 1979ರಲ್ಲಿ, ಯೇಲ್ 1984ರಲ್ಲಿ ಇಂಥದ್ದನ್ನೇ ಶುರು ಮಾಡಿದವು. ನಮ್ಮ ಯುಜಿಸಿಯವರೂ 2019ರಲ್ಲಿ 'ದೀಕ್ಷಾರಂಭ' ಅಂತ ಒಂದು ಕೈಪಿಡಿ ತಂದರು. ಹೆಸರು ಕೇಳಿದರೆ ತಲೆ ಬೋಳಿಸುತ್ತಾರೇನೋ ಅನ್ನಿಸುತ್ತದೆ. ನಮ್ಮ ಕಾಲದಲ್ಲಿ ಆ ಕೆಲಸವನ್ನು ಹಾಸ್ಟೆಲಿನ ಸೀನಿಯರ್‌ಗಳು ರಾತ್ರಿ ಹತ್ತರ ಮೇಲೆ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದರು.

ಪಟ್ಟಿಯ ಮಿಕ್ಕ ಸಾಮಾನೆಲ್ಲ ಅಂಗಡಿಯಿಂದ ಬಂತು. ಮಳೆ ಕೋಟು, ಉಣ್ಣೆಯ ಕಾಲುಚೀಲ, ತಲೆಗೆ ಕಟ್ಟಿಕೊಳ್ಳುವ ದೀಪ. ನಮ್ಮ ಮನೆಯವಳು ಊರಿಂದ ತಂದಿದ್ದ ಮಂಡಕ್ಕಿಯ ಚೀಲ ಮುಂದಿಟ್ಟು, "ತೂಕವೇ ಇಲ್ಲ, ಬೆಟ್ಟ ಹತ್ತೋರಿಗೆ ಇದಕ್ಕಿಂತ ಬೇಕಾ?" ಅಂದಳು. ತೂಕವಿಲ್ಲ, ನಿಜ. ಆದರೆ ಚಿನ್ನು ಒಂದು ದಿಂಬು ಹೊತ್ತು ಹೋಗಬೇಕಾಗುತ್ತಿತ್ತು. ಜೊತೆಗೆ ಅಲ್ಲಿ ಕರಿ ಕರಡಿಗಳಿವೆಯಂತೆ, ತಿಂಡಿಯ ವಾಸನೆಗೆ ಬರುತ್ತವಂತೆ. "ಬರಲಿ ಬಿಡು, ಅದಕ್ಕೂ ಒಂದು ಹಿಡಿ ಕೊಡು" ಅಂದಳು ಮನೆಯವಳು.

ಕೊನೆಗೆ ಪಾರ್ಸಲ್ಲಿನಲ್ಲಿ ಒಂದು ಸಣ್ಣ ಕೇಸರಿ ಬಣ್ಣದ ಪ್ಲಾಸ್ಟಿಕ್ ಕರಣೆ ಬಂತು. ನೋಡಿದರೆ ಅಂಗನವಾಡಿ ಮಕ್ಕಳು ಮರಳಲ್ಲಿ ಆಡುವ ಸಾಮಾನಿನ ಹಾಗಿತ್ತು.

"ಇದು ಯಾತಕ್ಕವ್ವಾ?"

"ಅಜ್ಜ, ಇಟ್ಸ್ ಫಾರ್... ಯು ನೋ. ಬಾತ್‌ರೂಮ್."

ಕಾಡಿನಲ್ಲಿ ಬಯಲಿಗೆ ಹೋಗುವ ನಿಯಮಗಳನ್ನು ಅವಳು ಓದಿ ಹೇಳಿದಳು. ಗುಂಡಿಯ ಆಳ ಆರರಿಂದ ಎಂಟು ಇಂಚು. ನೀರಿನಿಂದ, ದಾರಿಯಿಂದ, ಬಿಡಾರದಿಂದ 200 ಅಡಿ ದೂರ, ಅಂದರೆ ಸುಮಾರು 70 ಹೆಜ್ಜೆ. ಕೆಲಸ ಮುಗಿದ ಮೇಲೆ ಮಣ್ಣು ಮುಚ್ಚಬೇಕು. ಒರೆಸಿದ ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸ್ಸು ತರಬೇಕು. ಇದನ್ನೆಲ್ಲ ಓದುವಾಗ ಹುಡುಗಿಯ ಮುಖ ಸಪ್ಪಗಾಗಿತ್ತು. ಕ್ಯಾಲ್ಕುಲಸ್ಸಿಗೆ ಹೆದರದ ಹುಡುಗಿ! ನನ್ನ ಮೈ ಮಾತ್ರ ಜುಮ್ಮೆಂದಿತು. ಈ ಮನೆಗೆ ಬಂದಾಗಿನಿಂದ ಟಿವಿ ರಿಮೋಟು, ಪಾತ್ರೆ ತೊಳೆಯುವ ಮಿಷನ್ನು, ಒಲೆ ಎಲ್ಲದರಲ್ಲೂ ಎಲ್ಲರೂ ನನಗೆ ಪಾಠ ಹೇಳಿದವರೇ. ಇಡೀ ಅಮೆರಿಕದಲ್ಲಿ ನನಗೆ ಪೂರ್ತಿ ಗೊತ್ತಿರುವ ಒಂದು ವಿದ್ಯೆ ಕಡೆಗೂ ಸಿಕ್ಕಿತ್ತು. ಸಾಲದ್ದಕ್ಕೆ ನಾನು ನಿವೃತ್ತ ಡ್ರಿಲ್ ಮೇಷ್ಟ್ರು. ಸೂಟ್‌ಕೇಸಿನಲ್ಲಿ ಸೀಟಿ ಇತ್ತು. ಯಾಕೆ ತಂದಿದ್ದೆ ಅಂತ ಕೇಳಬೇಡಿ.

ಮಧ್ಯಾಹ್ನ ಮಗಳು ಅಳಿಯ ಕೆಲಸದ ಮೇಲಿದ್ದ ಹೊತ್ತು ನೋಡಿ ಹಿತ್ತಲಿಗಿಳಿದೆವು. ಅಲ್ಲಿಯ ಹಿತ್ತಲುಗಳಿಗೆ ಕಾಂಪೌಂಡಿಲ್ಲ. ಒಬ್ಬರ ಹುಲ್ಲು ಮುಗಿಯುವಲ್ಲಿ ಇನ್ನೊಬ್ಬರದು ಶುರು. ಪಕ್ಕದವರ ಈಜುಕೊಳವನ್ನು ಹೊಳೆ ಅಂತ ಗೊತ್ತುಮಾಡಿ, ಅಲ್ಲಿಂದ ಹೆಜ್ಜೆ ಎಣಿಸಲು ಹೊರಟೆ. ಅಲ್ಲೇ ಮೊದಲ ತಕರಾರು. ನಿಯಮದವರದು 70 ಹೆಜ್ಜೆ. ಡ್ರಿಲ್ಲಿನ ಹೆಜ್ಜೆ 30 ಇಂಚು. 200 ಅಡಿಗೆ 80 ಹೆಜ್ಜೆಯೇ ಆಗಬೇಕು, ಸರ್ಕಾರಿ ಲೆಕ್ಕ. "ಅಜ್ಜ, ಯಾರಿಗಾದರೂ ಅರ್ಜೆಂಟ್ ಇದ್ದರೆ?" ಅಂದಳು. ಶಿಸ್ತಿನ ಮುಂದೆ ಅರ್ಜೆಂಟು ಬರುವುದಿಲ್ಲ ಅಂದೆ. ನಾನು ಮುಂದೆ, ಅವಳು ಹಿಂದೆ, ಲೆಫ್ಟ್ ರೈಟ್ ಲೆಫ್ಟ್. ಎರಡು ಮನೆಗಳ ಹುಲ್ಲು ದಾಟಿ, ಎಲ್ಲರ ಹಿತ್ತಲೂ ಕೂಡುವ ಕಡೆ ಇದ್ದ ಮೇಪಲ್ ಮರದ ಬುಡದಲ್ಲಿ ಹಾಲ್ಟ್ ಆದೆವು.

ಹುಲ್ಲಿನ ಬೇರು ಕೊಯ್ಯುವಷ್ಟರಲ್ಲಿ ಕರಣೆ ಬಿಲ್ಲಿನ ಹಾಗೆ ಬಾಗಿತು. ಚಿನ್ನು ಟೇಪು ಹಿಡಿದು, "ನಾಲ್ಕೂವರೆ... ಐದು..." ಅಂತ ಹೇಳುತ್ತಾ ಹೋದಳು. ಆರಾದ ಮೇಲೆ ಆಸನದ ಪಾಠ. ಪಂಚೆಯನ್ನು ಮೊಣಕಾಲ ಮೇಲಕ್ಕೆತ್ತಿ ಕಟ್ಟಿ, ಗುಂಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು ತೋರಿಸಿದೆ. ಎರಡೂ ಹಿಮ್ಮಡಿ ನೆಲಕ್ಕೆ ಊರಬೇಕು, ತುದಿಗಾಲಲ್ಲಿ ಕೂತರೆ ಹಿಂದಕ್ಕೆ ಮಗುಚುತ್ತೀ, ಕೈ ಮೊಣಕಾಲ ಸುತ್ತ, ದೃಷ್ಟಿ ನೇರ. ಬಾಯಲ್ಲಿ ಸೀಟಿ ಇದ್ದದ್ದರಿಂದ ಅರ್ಧ ಮಾತು ಪೀ ಪೀ ಅಂತಲೇ ಬಂತು.

ಆಗ ಹಿಂದಿನ ಮನೆಯ ಯಜಮಾನ ನಾಯಿ ಹಿಡಿದು ಬಂದ. ನನ್ನ ವಯಸ್ಸಿನವನೇ. ನಾನು ಏಳಬೇಕಿತ್ತು. ಆದರೆ ನನ್ನ ಮೊಣಕಾಲು ಕೂರುವುದಕ್ಕೆ ಒಪ್ಪುತ್ತದೆ, ಏಳುವುದಕ್ಕೆ ಅದರ ಕೂಡ ಬೇರೆ ಮಾತುಕತೆ ಆಗಬೇಕು. ಹಾಗಾಗಿ ಕೂತೇ ಕೈ ಎತ್ತಿ ನಮಸ್ಕರಿಸಿದೆ. ಅವನು ನನ್ನ ನೋಡಿದ, ಗುಂಡಿ ನೋಡಿದ, ಟೇಪು ನೋಡಿದ, ಸೀಟಿ ನೋಡಿದ. ಏನು ಮಾಡುತ್ತಿದ್ದೀರಿ ಅಂತ ಕೇಳಿದ. ಚಿನ್ನುವಿನ ಕಿವಿ ಕೆಂಪಗಾಗಿತ್ತು. ಆದರೂ ಹುಡುಗಿ ಚುರುಕು. "ಟ್ಯೂಲಿಪ್ಸ್!" ಅಂದಳು.

ಟ್ಯೂಲಿಪ್ ಗೆಡ್ಡೆಯನ್ನೂ ಆರರಿಂದ ಎಂಟು ಇಂಚು ಆಳದಲ್ಲೇ ನೆಡುತ್ತಾರೆ ಅಂತ ನನಗಾಗಲಿ ಅವಳಿಗಾಗಲಿ ಗೊತ್ತಿರಲಿಲ್ಲ. ಆ ಪುಣ್ಯಾತ್ಮನಿಗೆ ಗೊತ್ತಿತ್ತು. ಅವನ ಮುಖ ಅರಳಿತು. ಬಗ್ಗಿ ಆಳ ನೋಡಿ, ಭೇಷ್, ಇಷ್ಟೇ ಇರಬೇಕು, ಬಹಳ ಜನ ಮೇಲೆ ಮೇಲೆ ನೆಟ್ಟು ಅಳಿಲಿಗೆ ದಾನ ಮಾಡುತ್ತಾರೆ ಅಂದ. ಆದರೆ ಇದು ಆಗಸ್ಟು, ಗೆಡ್ಡೆ ನೆಡಲು ಅಕ್ಟೋಬರ್ ಬರಬೇಕು, ಗುಂಡಿ ಈಗಲೇ ತೋಡಿಟ್ಟರೂ ಅಡ್ಡಿಯಿಲ್ಲ ಅಂದ. ಆಮೇಲೆ ಅವನಿಗೆ ಇನ್ನೊಂದು ಯೋಚನೆ ಬಂತು: ಒಂಟಿ ಟ್ಯೂಲಿಪ್ ಚೆನ್ನಾಗಿ ಕಾಣದು, ಸಾಲಾಗಿ ಇರಬೇಕು. ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ನಿಂತು ತೋಡಿಸಿದ. ಇನ್ನೊಂದು, ಇನ್ನೂ ಒಂದು, ಅಲ್ಲಿ ಸ್ವಲ್ಪ ಎಡಕ್ಕೆ. ಜೀವನಪೂರ್ತಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ನಾನು, ಸೀಟಿ ಕೊರಳಲ್ಲಿ ಹಾಕಿಕೊಂಡು, ಪರದೇಶದವನ ಅಪ್ಪಣೆಯಂತೆ ಶೌಚದ ಗುಂಡಿಗಳನ್ನು ಸಾಲಾಗಿ ತೋಡಿದೆ. ಮಹಡಿಯ ಕಿಟಕಿಯಿಂದ ನಮ್ಮ ಮನೆಯವಳು, "ರೀ, ಕೂಲಿಗೆ ಬಾವಿ ತೋಡ್ತಿದೀರಾ?" ಅಂತ ಕೂಗಿದಳು.

ಇಷ್ಟು ಹೊತ್ತೂ ನಾಯಿ ಒಂದೊಂದೇ ಗುಂಡಿಯನ್ನು ಮೂಸುತ್ತಾ ಬಂದಿತ್ತು. ಮೂರನೆಯದು ಅದಕ್ಕೆ ಹಿಡಿಸಿತು. ಒಂದು ಸುತ್ತು ಹಾಕಿ, ಕೂತು, ನೇರ ದೃಷ್ಟಿಯಿಟ್ಟು ತನ್ನ ಕೆಲಸ ಮುಗಿಸಿತು. ನೀರಿನಿಂದ 80 ಹೆಜ್ಜೆ, ಆರಿಂಚು ಆಳ, ಆಮೇಲೆ ಹಿಂಗಾಲಲ್ಲಿ ಮಣ್ಣನ್ನೂ ಕೆರೆಯಿತು. ಆ ಮಧ್ಯಾಹ್ನ ನಿಯಮ ಪಾಲಿಸಿದ ಜೀವಿ ಅದೊಂದೇ. ಯಜಮಾನ ನಾಚಿಕೊಂಡು ಹತ್ತು ಸಲ ಸಾರಿ ಹೇಳಿ, ಜೇಬಿಂದ ಚೀಲ ತೆಗೆದು, ಎತ್ತಿ, ಗಂಟು ಕಟ್ಟಿಕೊಂಡು ಹೋದ. ಚಿನ್ನು ಮರಕ್ಕೆ ಹಣೆ ಆನಿಸಿ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಬಣ್ಣಬಣ್ಣವಾಗಿ ಹೇಳಿದೆ. ಎಲ್ಲರೂ ನಕ್ಕರು. ಮಗಳು ಮಾತ್ರ ನಕ್ಕು ಸುಮ್ಮನಾಗಿ, "ಅಪ್ಪಾಜಿ, ಅಜ್ಜಿ ಕತ್ತಲಾಗೋದನ್ನ ಕಾಯ್ತಿದ್ದರಂತಲ್ಲ" ಅಂದಳು. ಹೌದು, ನಮ್ಮವ್ವ ಬಯಲಿಗೆ ಹೋಗಲು ಕಾಯುತ್ತಿದ್ದಳು. ನಮ್ಮ ಕಡೆ ಗಂಡಸರಿಗೆ ಕೆರೆ ಏರಿ, ಯಾವ ಹೊತ್ತಾದರೂ ಸರಿ. ಹೆಂಗಸರಿಗೆ ನಸುಕು, ಇಲ್ಲವೇ ಕತ್ತಲು. ನಡುವೆ ಹೊಟ್ಟೆ ಕೆಟ್ಟರೆ ಗೋಡೆಗೆ ಒರಗಿ ಕೂರುವುದು. ಮದುವೆ ಮುಂಜಿಗೆ ಹೋದರೆ ಅವ್ವ ನೀರೇ ಕುಡಿಯುತ್ತಿರಲಿಲ್ಲ. ನನಗೆ ನೌಕರಿಯಾಗಿ ಹಿತ್ತಲಲ್ಲಿ ಪಾಯಿಖಾನೆ ಕಟ್ಟಿಸಿದಾಗ ಅಪ್ಪ, ಮನೆ ಬೆನ್ನಿಗೇ ಹೊಲಸು ಇಟ್ಟುಕೊಳ್ಳೋದಾ ಅಂತ ಮುನಿಸಿಕೊಂಡರು. ಅವ್ವ ಏನೂ ಹೇಳಲಿಲ್ಲ. ಅವತ್ತು ಮಧ್ಯಾಹ್ನ ಉಂಡು ಒಂದು ತಂಬಿಗೆ ನೀರು ಕುಡಿದಳು.

ಆ ಮನೆತನದ ಹುಡುಗಿಗೆ ಅದೇ ಬಯಲು ಈಗ ದುಡ್ಡು ಕಟ್ಟಿ ಸೇರುವ ಸಾಹಸವಾಗಿದೆ. ಕೈಲಾಗದವರಿಗೆ ಕಾಲೇಜು ಸಹಾಯಧನ ಕೊಡುತ್ತದೆ, ಅದು ಒಳ್ಳೆಯದೇ. ಆದರೆ ಮಗಳ ಕಪಾಟಿನಲ್ಲಿ ಆಂಟನಿ ಜ್ಯಾಕ್ ಅನ್ನುವವರ 'ದಿ ಪ್ರಿವಿಲೆಜ್ಡ್ ಪೂರ್' ಅಂತ 2019ರ ಪುಸ್ತಕ ಒಂದಿತ್ತು. ಹೆಸರು ಮರೆಮಾಚಿದ ಒಂದು ದೊಡ್ಡ ವಿಶ್ವವಿದ್ಯಾಲಯದ ಕತೆ ಅದರಲ್ಲಿದೆ. ಅಲ್ಲಿಯೂ ತರಗತಿಗೆ ಮುಂಚಿನ ಐಚ್ಛಿಕ ಕಾರ್ಯಕ್ರಮಗಳಿವೆ. ಒಂದರಲ್ಲಿ ಮಕ್ಕಳು ಬೆಟ್ಟಕ್ಕೆ ಹೋಗುತ್ತಾರೆ. ಇನ್ನೊಂದರಲ್ಲಿ ಹಾಸ್ಟೆಲಿನ ಕೋಣೆ, ಕಕ್ಕಸುಗಳನ್ನು ತಿಕ್ಕುತ್ತಾರೆ, ಅದಕ್ಕೆ ಕೂಲಿ ಉಂಟು. ಯಾವ ಮನೆಯ ಮಕ್ಕಳು ಯಾವುದನ್ನು ಆರಿಸಿಕೊಳ್ಳುತ್ತಾರೆ ಅಂತ ಹೇಳಲು ಪುಸ್ತಕ ಬರೆಯಬೇಕಿರಲಿಲ್ಲ, ಆದರೂ ಬರೆದದ್ದು ಒಳ್ಳೆಯದಾಯಿತು. ಬೆಟ್ಟದಿಂದ ಇಳಿದ ಮಗುವೂ ತಿಕ್ಕಿ ಮುಗಿಸಿದ ಮಗುವೂ ಮಾರನೇ ವಾರ ಒಂದೇ ಬೆಂಚಿನಲ್ಲಿ ಕೂತು ಪರಿಚಯ ಮಾಡಿಕೊಳ್ಳಬೇಕು. ರಜೆ ಹೇಗಿತ್ತು ಅಂತ.

ಇದನ್ನು ಊಟದ ಮೇಜಿನಲ್ಲಿ ಹೇಳಿದಾಗ ಅಳಿಯಂದಿರು, "ಅದೂ ಒಂದು ಅನುಭವ ಮಾವ. ಡಿಗ್ನಿಟಿ ಆಫ್ ಲೇಬರ್" ಅಂದರು.

"ಹಾಗಾದರೆ ಚಿನ್ನುವನ್ನೂ ಅಂಥದಕ್ಕೇ ಹಾಕೋಣವಾ?" ಅಂದೆ.

ಮೇಜಿನ ಮೇಲೆ ಚಮಚದ ಸದ್ದಷ್ಟೇ ಉಳಿಯಿತು. ನಮ್ಮ ಮನೆಯವಳು ಮತ್ತೆ ಮಂಡಕ್ಕಿಯ ವಿಷಯ ತೆಗೆದಳು.

ಹೊರಡುವ ದಿನ ಬಂತು, ಕಾಲೇಜಿರುವ ಹ್ಯಾನೋವರ್ ತಲುಪಿದೆವು. ಅಪಲಾಚಿಯನ್ ಟ್ರೈಲ್ ಎಂಬ ಎರಡು ಸಾವಿರ ಮೈಲಿ ದಾಟುವ ಕಾಲುದಾರಿ ಆ ಊರಿನ ಮುಖ್ಯಬೀದಿಯಲ್ಲೇ ಹಾದುಹೋಗುತ್ತದೆ. ಹುಲ್ಲುಹಾಸಿನ ಮೇಲೆ ತಲೆಗೆ ಹಸಿರು, ಗುಲಾಬಿ ಬಣ್ಣ ಬಳಿದುಕೊಂಡು, ಎಂಥೆಂಥದೋ ವೇಷ ಹಾಕಿಕೊಂಡ ಹುಡುಗರು ಕುಣಿಯುತ್ತಿದ್ದರು. ನಮ್ಮ ಮನೆಯವಳು, "ಹೋಳಿ ಹಬ್ಬ ಇವರಿಗೆ ಈಗಲಾ?" ಅಂದಳು. ಅವರೇ ಸ್ವಾಗತ ಸಮಿತಿಯವರಂತೆ. ಹೊಸ ಮಕ್ಕಳಿಗೆಲ್ಲ 'ಸಾಲ್ಟಿ ಡಾಗ್ ರ‍್ಯಾಗ್' ಅನ್ನುವ ಕುಣಿತ ಕಲಿಸುತ್ತಿದ್ದರು. ಅಪರಿಚಿತರ ನಡುವೆ ಮೊದಲೇ ಇಷ್ಟು ನಗೆಪಾಟಲಾದವರನ್ನು ನೋಡಿದರೆ ಹೊಸಬರಿಗೆ ಧೈರ್ಯ ಬರುತ್ತದೆ ಅನ್ನುವುದು ಅದರ ಒಳಗುಟ್ಟು ಇರಬೇಕು. ಡ್ರಿಲ್ ಪೀರಿಯಡ್ಡಿನಲ್ಲಿ ನಾನೂ ಬೇಕೆಂದೇ ಮೊದಲು ತಪ್ಪು ಹೆಜ್ಜೆ ಹಾಕಿ ತೋರಿಸುತ್ತಿದ್ದೆ. ಚಿನ್ನು ನಮ್ಮನ್ನು ಒಂದು ಸಲ ತಿರುಗಿ ನೋಡಿ, ಫೋನನ್ನು ಅಮ್ಮನ ಕೈಗಿತ್ತು ಹೋದಳು. ದಾರಿಯುದ್ದಕ್ಕೂ ಮಗಳು ಆ ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಸುದ್ದಿಯಿಲ್ಲದೆ ಇದ್ದು ಹೊಂದಿಕೊಳ್ಳುವ ತರಬೇತಿ ನಿಜವಾಗಿ ಯಾರಿಗೆ ಅಂತ ನನಗೆ ಆಗಲೇ ಅನುಮಾನ.

ಕೆಲವು ದಿನಕ್ಕೆ, ಯಾರದೋ ಫೋನಿನಿಂದ ಚಿನ್ನುವಿನ ಕರೆ ಬಂತು. ಗಂಟಲು ಕೂತಿತ್ತು, ಖುಷಿಯಲ್ಲಿದ್ದಳು. ಕಡೆಯಲ್ಲಿ ಎಲ್ಲ ಗುಂಪುಗಳೂ ಮೂಸಿಲಾಕಿ ಬೆಟ್ಟದ ತಪ್ಪಲಿನ ಮರದ ಲಾಡ್ಜಿಗೆ ಬಂದು ಸೇರಿದವಂತೆ. ಬೆಳಿಗ್ಗೆ ಹಸಿರು ಬಣ್ಣದ ಮೊಟ್ಟೆ ಬಡಿಸಿದರಂತೆ, ಹಸಿರು ಮೊಟ್ಟೆಯ ಕತೆ ಬರೆದ ಮಕ್ಕಳ ಕತೆಗಾರ ಡಾಕ್ಟರ್ ಸ್ಯೂಸ್ ಅದೇ ಕಾಲೇಜಿನ 1925ರ ವಿದ್ಯಾರ್ಥಿ ಅನ್ನುವ ನೆನಪಿಗೆ. ಬೆಟ್ಟದ ಎತ್ತರ ಕೇಳಿದೆ. 4,802 ಅಡಿ ಅಂದಳು. ನಮ್ಮ ಮುಳ್ಳಯ್ಯನಗಿರಿ 6,300 ದಾಟುತ್ತದೆ ಅಂತ ಹೇಳಿ ಆ ವಿಷಯ ಮುಗಿಸಿದೆ. ನನಗೆ ಬೇಕಾಗಿದ್ದು ಬೇರೆ.

"ಅದೇನಾಯ್ತು?"

"ಯಾವುದು?"

"ಅದೇ. ಗುಂಡಿ."

ಆ ಕಡೆ ಸ್ವಲ್ಪ ಮೌನ. "ಅಜ್ಜ, ನಾವು ಉಳ್ಕೊಂಡ ಶೆಲ್ಟರಲ್ಲಿ ಟಾಯ್ಲೆಟ್ ಇತ್ತು. ಮರದ್ದು. ಸೀಟು ಎಲ್ಲ ಇತ್ತು."

ಅವರು ನಡೆದ ಆ ಅಪಲಾಚಿಯನ್ ದಾರಿಯ ತಂಗುದಾಣಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಮರದ ಪಾಯಿಖಾನೆ ಇರುತ್ತದಂತೆ. ಇದನ್ನು ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಬಹುದಿತ್ತಲ್ಲ!

ನನ್ನ ಉಸಿರು ಕೇಳಿಸಿತೋ ಏನೋ, ಅವಳೇ ಸಮಾಧಾನ ಹೇಳಿದಳು. ಒಂದು ಸಲ ಮಾತ್ರ, ಶೆಲ್ಟರಿಂದ ದೂರ ನಡೆಯುತ್ತಿದ್ದಾಗ ಜೊತೆಯ ಹುಡುಗಿಗೆ ಅವಸರವಾಯಿತಂತೆ. ಅವಳು ದೊಡ್ಡ ಪಟ್ಟಣದವಳು, ಅಳುವುದೊಂದು ಬಾಕಿ. ಚಿನ್ನು ಕರಣೆ ಕಿತ್ತುಕೊಂಡು, 80 ಹೆಜ್ಜೆ ಎಣಿಸಿ, ಆರಿಂಚು ತೋಡಿ, ಕೂರುವ ವಿಧಾನ ಪೂರ್ತಿ ಹೇಳಿಕೊಟ್ಟು, ಬೆನ್ನು ತಿರುಗಿಸಿ ಕಾವಲು ನಿಂತಳಂತೆ.

"ಆಮೇಲೆ?"

"ಅವಳು ಹಿಂದಕ್ಕೆ ಬಿದ್ದಳು, ಅಜ್ಜ."

"ಹಿಮ್ಮಡಿ ಊರಿರಲಿಲ್ಲ" ಅಂದೆ.