ಕತ್ತರಿ ಕಂಡಾಗ ಕಾಗದಕ್ಕೆ ಬೆಲೆ

ಹಳೆಯ ಕಾಗದಕ್ಕೆ ನಮ್ಮ ಮನೆಗಳಲ್ಲಿ ಎರಡೇ ಗತಿ. ಒಂದೋ ಅಟ್ಟದ ಟ್ರಂಕು, ಇಲ್ಲವೇ ರದ್ದಿಯವನ ತಕ್ಕಡಿ. ಮೂರನೆಯ ಗತಿ ಕಾಣಿಸುವವರು ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡಿನ ಹುಚ್ಚು ಹಿಡಿದವರು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟು. ಅದರ ಮೇಲೆ ಬರೆಯಿರಿ, ಅಂಟಿಸಿ, ಬೇಕಾದರೆ ಹೊಲಿಯಿರಿ. ಅಳತೆ ಮೀರಬಾರದು, ಮಾರಬಾರದು. ನಮ್ಮದನ್ನು ಕೊಟ್ಟು ಇನ್ನೊಬ್ಬರದನ್ನು ಪಡೆಯಬೇಕು. ಅಷ್ಟೇ ಶಾಸ್ತ್ರ.

ಇದರ ಮೂಲಪುರುಷ ಸ್ವಿಟ್ಜರ್ಲೆಂಡಿನ ಕಲಾವಿದ ವಾಂಚಿ ಸ್ಟಿರ್ನೆಮಾನ್. 1,200 ಕಾರ್ಡುಗಳನ್ನು ಕೈಯಲ್ಲೇ ಮಾಡಿ, 1997ರಲ್ಲಿ ಜ್ಯೂರಿಕ್‌ನ ತಮ್ಮ ಹಳೆ ಪುಸ್ತಕದಂಗಡಿಯಲ್ಲಿ ಪ್ರದರ್ಶನಕ್ಕಿಟ್ಟರು. ಬೇಕೆಂದವರು ತಾವೂ ಮಾಡಿ ತಂದು ಬದಲಾಯಿಸಿಕೊಳ್ಳಬೇಕು ಎಂದರು. ಅಲ್ಲಿಂದ ಕೆನಡಾದ ಕ್ಯಾಲ್ಗರಿಗೆ ಹೋಯಿತು, ಆಮೇಲೆ ಎಲ್ಲೆಲ್ಲಿಗೋ. ನಿಯಮವಿದ್ದ ಮೇಲೆ ಉಪಾಯವೂ ಇರಬೇಕಲ್ಲ? ಅದೇ ಅಳತೆಯ ಚಿತ್ರಕ್ಕೆ ಏಸಿಇಒ ಎಂದು ಬೇರೆ ಹೆಸರಿಟ್ಟು ಇ-ಬೇಯಲ್ಲಿ ಮಾರುವವರು ಹುಟ್ಟಿಕೊಂಡರು. ನಿಯಮವೂ ಉಳಿಯಿತು, ದುಡ್ಡೂ ಬಂತು.

ನನಗೆ ಬಣ್ಣಕ್ಕಿಂತ ಹಳೆಯ ಕಾಗದದ ಮೇಲೇ ಆಸೆ. ಇನ್‌ಲ್ಯಾಂಡ್ ಲೆಟರಿನ ನೀಲಿ, ಲಗ್ನಪತ್ರಿಕೆಯ ಅರಿಶಿನ ಹಚ್ಚಿದ ಮೂಲೆ, ಪಂಚಾಂಗದ ಇರುವೆಸಾಲಿನಂಥ ಅಕ್ಷರ, ಮನಿಯಾರ್ಡರಿನ ಚೂರು. ಹಿಂದೆಲ್ಲ ಬಂದ ಕಾಗದವನ್ನು ಕೊಕ್ಕೆತಂತಿಗೆ ಚುಚ್ಚಿ ನೇತುಹಾಕುತ್ತಿದ್ದರು. ಹಾಗಾಗಿ ನಮ್ಮ ಟ್ರಂಕಿನ ಪ್ರತಿ ಪತ್ರದ ನಟ್ಟನಡುವೆ ಒಂದು ತೂತು. ಎಷ್ಟೋ ಜನರ ‘ಕ್ಷೇಮ’ದ ಒತ್ತಕ್ಷರ ಅದರಲ್ಲೇ ಹಾರಿಹೋಗಿದೆ. ಕಾರ್ಡಿನಲ್ಲಿ ಆ ತೂತು ಸುಮ್ಮನೆ ಚಂದ್ರನಾಗುತ್ತದೆ, ಮೀನಿನ ಕಣ್ಣಾಗುತ್ತದೆ.

ವಯಸ್ಸು ನೋಡಿ ಕಾಗದವನ್ನು ನಂಬುವಂತಿಲ್ಲ. ಬಟ್ಟೆಚಿಂದಿಯಿಂದ ಮಾಡಿದ ಇನ್ನೂರು ವರ್ಷದ ಹಾಳೆ ಇಂದಿಗೂ ಗಟ್ಟಿಮುಟ್ಟಾಗಿರುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಉಳಿದು, ಆಮ್ಲವೂ ಸೇರಿ, ಮೊನ್ನೆ ಮೊನ್ನೆಯ ವಾರಪತ್ರಿಕೆ ಕೈಯಲ್ಲೇ ಪುಡಿಯಾಗುತ್ತದೆ. ಅಂಟಿಸಲು ನನ್ನ ಮತ ಮೈದಾ ಗೋಂದಿಗೇ. ಜಿರಳೆಗಳ ಮತವೂ ಅದಕ್ಕೇ ಬೀಳುವುದರಿಂದ, ಬೈಂಡಿಂಗಿನವರು ಹಾಕುವ ಹಾಗೆ ಚಿಟಿಕೆ ಮೈಲುತುತ್ತ ಬೆರೆಸಬೇಕು.

ಇಷ್ಟೆಲ್ಲ ಸುಲಭ. ಕಷ್ಟ ಇರುವುದು ಕತ್ತರಿ ಎತ್ತುವುದರಲ್ಲಿ. ಟ್ರಂಕು ದಶಕಗಟ್ಟಲೆ ಧೂಳು ತಿನ್ನುತ್ತಿದ್ದಾಗ ಯಾರೂ ಕೇಳಲಿಲ್ಲ. ಕತ್ತರಿಯ ಸದ್ದಾದದ್ದೇ ಮನೆಮಂದಿಯೆಲ್ಲ ಪ್ರಾಚ್ಯವಸ್ತು ಸಂಶೋಧಕರಾದರು. ಯಾರದಾದರೂ ಕೈಬರಹವಿದ್ದರೆ ನಾನೂ ಕತ್ತರಿಸುವುದಿಲ್ಲ, ಕಲರ್ ಜೆರಾಕ್ಸ್ ಮಾಡಿಸುತ್ತೇನೆ. ಅಸಲಿ ಕಾಗದವೇ ಬೇಕೆನ್ನುವ ಮಡಿವಂತರು ಮೂಗು ಮುರಿಯಲಿ. ಆದರೆ ಅಂಗಡಿಯ ಬಿಲ್ಲಿಗೂ ಈ ಮರ್ಯಾದೆಯೇ?

“ಏನೇ ಅದು, ಕೊಡು ಇಲ್ಲಿ” ಎಂದರು ಅತ್ತೆ. ಜವಳಿ ಅಂಗಡಿಯ ಬಿಲ್ಲು, 1964ರದು. ಕನ್ನಡಕ ಏರಿಸಿ ಓದಿದರು. ಮುಖ ಬಿಗಿಯಿತು. ದೀಪಾವಳಿಗೆ ಇಬ್ಬರು ಸೊಸೆಯರಿಗೂ ಒಂದೇ ಬೆಲೆಯ ಸೀರೆ ಎಂದು ಅವರ ಅತ್ತೆ ಹೇಳಿದ್ದರಂತೆ. ಬಿಲ್ಲಿನಲ್ಲಿ ಆರು ರೂಪಾಯಿ ವ್ಯತ್ಯಾಸ!

“ನೋಡಿದೆಯಾ? ಓರಗಿತ್ತಿಗೆ ಆರು ರೂಪಾಯಿ ಜಾಸ್ತಿ. ನಾನು ಆವತ್ತೇ ಅಂದೆ, ಅವಳ ಸೆರಗು ಭಾರ ಇದೆ ಅಂತ. ನಿಮ್ಮ ಮಾವ ನಕ್ಕುಬಿಟ್ಟರು.”

ಬಿಲ್ಲನ್ನು ಎತ್ತಿಡುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ: “ಈ ಕಾರ್ಡು ಯಾರಿಗೆ ಹೋಗುತ್ತೆ?”

“ಪುಣೆಯಲ್ಲಿ ಒಬ್ಬರಿಗೆ.”

“ಹಾಗಾದರೆ ಕತ್ತರಿಸು. ಆ ಸಾಲು ಮಾತ್ರ ಚೆನ್ನಾಗಿ ಕಾಣಬೇಕು.”

ಕಾರ್ಡಿನ ಬೆನ್ನಿಗೆ ಮಾಡಿದವರ ಹೆಸರು, ತಾರೀಕು ಬರೆಯುವುದು ವಾಡಿಕೆ. ಅತ್ತೆ ಪಕ್ಕದಲ್ಲಿ ಕೂತು ಎರಡು ಸೀರೆಗಳ ಬಣ್ಣ, ಅಂಚು, ಬೆಲೆ, ಆವತ್ತು ಯಾರು ಯಾರಿಗೆ ಏನಂದರು ಎಲ್ಲವನ್ನೂ ಹೇಳಿ ಬರೆಸಿದರು. ನನ್ನ ಹೆಸರಿಗೆ ಜಾಗ ಉಳಿಯಲಿಲ್ಲ.