ಮಾತ್ರೆ ಬಿಡು ಎನ್ನುವ ಮಾವಂದಿರಿಗೆ

ಪ್ರೀತಿಯ ಮಾವ,

ಡೊಂಬಿವಲಿಯ ಮನೆಯಲ್ಲಿ ಊಟಕ್ಕೆ ಕೂತಾಗ ನೀವು ಹೇಳಿದಿರಿ: "ಈಗ ಚೆನ್ನಾಗಿದ್ದೀಯಲ್ಲ, ಇನ್ನು ಆ ಮಾತ್ರೆ ಯಾಕೆ? ಅಭ್ಯಾಸ ಆಗಿಬಿಡುತ್ತೆ." ಅದು ಅಕ್ಕರೆಯ ಮಾತು. ಡಾಕ್ಟರನ್ನು ಕೇಳದೆ ಮರುದಿನವೇ, ಖಿನ್ನತೆಗೆಂದು ತೆಗೆದುಕೊಳ್ಳುತ್ತಿದ್ದ ಪ್ಯಾರೊಕ್ಸೆಟೀನ್ ನಿಲ್ಲಿಸಿದೆ. ಇಂಥ ಅಕ್ಕರೆ ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿದೆ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಮೂರನೆಯ ದಿನ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತಿತ್ತು. ಕಂಬಿ ಹಿಡಿದು ನಿಂತೆ. ಹಗಲು ವಾಕರಿಕೆ, ರಾತ್ರಿ ಕನಸುಗಳ ಕಾಟ, ಸುಮ್ಮಸುಮ್ಮನೆ ಅಳು. "ಹಳೇ ಕಾಯಿಲೆ ತಿರುಗಿ ಬಂತು" ಎಂದಿರಿ. ಅಲ್ಲ ಮಾವ. ಖಿನ್ನತೆ ಮರಳಲು ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಇದು ದಿನಗಳಲ್ಲೇ ಬಂತು, ಮಾತ್ರೆ ಮತ್ತೆ ಶುರುಮಾಡಿದಾಗ ದಿನಗಳಲ್ಲೇ ಹೋಯಿತು. ಆ ಕರೆಂಟಂತೂ ಖಿನ್ನತೆಯ ಲಕ್ಷಣವೇ ಅಲ್ಲ. ಚಟವೂ ಅಲ್ಲ, ಮಾತ್ರೆಗಾಗಿ ನಾನೆಂದೂ ಹಪಹಪಿಸಲಿಲ್ಲ. ಮಿದುಳು ಔಷಧಕ್ಕೆ ಒಗ್ಗಿಕೊಂಡಿತ್ತು, ಅದಿಲ್ಲದೆ ಒಗ್ಗಲು ಸಮಯ ಬೇಕಿತ್ತು, ಅಷ್ಟೆ.

ಪಕ್ಕದ ಮನೆಯವರು ಇಂಥ ಮಾತ್ರೆ ಬಿಟ್ಟಾಗ ಏನೂ ಆಗಲಿಲ್ಲವಂತೆ. ಇರಬಹುದು, ಎಲ್ಲರಿಗೂ ಹೀಗಾಗುವುದಿಲ್ಲ. ಔಷಧಗಳೂ ಒಂದೇ ಅಲ್ಲ: ಪ್ಯಾರೊಕ್ಸೆಟೀನ್ ಸುಮಾರು ಒಂದು ದಿನದಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಅದೇ ಬಗೆಯ ಫ್ಲುಯೊಕ್ಸೆಟೀನ್ ವಾರಗಟ್ಟಲೆ ಉಳಿದು ತಾನೇ ನಿಧಾನವಾಗಿ ಇಳಿಯುತ್ತದೆ.

ನನಗೆ ಧೈರ್ಯ ಕೊಟ್ಟದ್ದು 2019ರಲ್ಲಿ ಮಾರ್ಕ್ ಹೊರೊವಿಟ್ಜ್, ಡೇವಿಡ್ ಟೇಲರ್ 'ಲ್ಯಾನ್ಸೆಟ್ ಸೈಕಿಯಾಟ್ರಿ' ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನ. ಅದು ಹೇಳುವುದಿಷ್ಟು: ಡೋಸ್ ಅರ್ಧ ಮಾಡಿದರೆ ಮಿದುಳಿನಲ್ಲಿ ಔಷಧದ ಹಿಡಿತ ಅರ್ಧವಾಗುವುದಿಲ್ಲ. ಉದಾಹರಣೆಗೆ, ಮಿದುಳಿನಲ್ಲಿ ಸೆರೊಟೊನಿನ್ ಸಾಗಿಸುವ ಪ್ರೋಟೀನ್‌ಗಳಲ್ಲಿ ಸುಮಾರು 80% ಭಾಗವನ್ನು ಇದೇ ಬಗೆಯ ಇನ್ನೊಂದು ಔಷಧ ಸಿಟಾಲೊಪ್ರಾಮ್ 20 ಮಿಲಿಗ್ರಾಂನಲ್ಲಿ ಹಿಡಿದಿಡುತ್ತದೆ. 5 ಮಿಲಿಗ್ರಾಂ ಕೂಡ ಅರ್ಧಕ್ಕಿಂತ ಹೆಚ್ಚನ್ನೇ ಹಿಡಿದಿರುತ್ತದೆ. ಹಾಗಾಗಿ ಡೋಸ್ ಇಳಿಸುವಾಗ ಮೇಲಿನ ಮೆಟ್ಟಿಲುಗಳು ಗಿಡ್ಡ, ಕೊನೆಯದೇ ಆಳ. ಅಲ್ಲಿಂದ ಹಾರಿದವರು ಬಿದ್ದರೆ ಅವರ ಮನೋಬಲವನ್ನು ಬೈಯುತ್ತೇವೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಈಗ ಡಾಕ್ಟರರ ಜೊತೆ ಕೂತು, ತಿಂಗಳುಗಟ್ಟಲೆ, ಚೂರು ಚೂರೇ ಇಳಿಸುತ್ತಿದ್ದೇನೆ. ಕಷ್ಟವಾದರೆ ಆ ಮೆಟ್ಟಿಲಲ್ಲೇ ನಿಲ್ಲುತ್ತೇನೆ.

ಭಾನುವಾರ ಊಟಕ್ಕೆ ಬರುತ್ತೇನೆ. ಮಾತ್ರೆಯ ಡಬ್ಬಿ ಚೀಲದಲ್ಲಿರುತ್ತದೆ. "ಇನ್ನೂ ಬಿಟ್ಟಿಲ್ವಾ?" ಎನ್ನಬೇಡಿ ಮಾವ. "ಈಗ ಎಷ್ಟಕ್ಕೆ ಬಂತು?" ಎಂದು ಕೇಳಿ.

ನಿಮ್ಮ ತಂಗಿಯ ಮಗಳು